ಬೇಡ ಎಂದವರಿಗೇ ಮೊದಲ ಸೂಜಿ

ಹರಿದ ಬಟ್ಟೆಯ ಒಳಂಚಿನಿಂದಲೇ ನೂಲು ಎಳೆದು, ಹರಿದ ಜಾಗವನ್ನು ಎಳೆ ಎಳೆಯಾಗಿ ನೇಯ್ದು, ಅಲ್ಲೊಂದು ತೂತಿತ್ತೆಂಬುದೇ ತಿಳಿಯದ ಹಾಗೆ ಮುಚ್ಚುವ ಕೆಲಸಕ್ಕೆ ರಫೂ ಎನ್ನುತ್ತಾರೆ. ನಮ್ಮ ಬೀದಿಯ ಚಿಕ್ಕಮ್ಮನ ಕೆಲಸ ಅದು. ಅವಳಿಗಿಂತ ಹದಿನೈದು ವರ್ಷ ದೊಡ್ಡವನಾದ ನಾನೂ ಅವಳನ್ನು ಚಿಕ್ಕಮ್ಮ ಎಂದೇ ಕರೆಯುತ್ತೇನೆ. ಅವಳ ಕೈಚಳಕದ ಬಗ್ಗೆ ನಾನು ಹೇಳುವುದರಲ್ಲಿ ಅರ್ಧ ಸುಳ್ಳಿರಬಹುದು, ಆದರೆ ಉಳಿದರ್ಧವೇ ಯಾರೂ ನಂಬುವಂಥದ್ದಲ್ಲ. ಇಲಿ ಕಡಿದ ಕೋಟು ಕೊಟ್ಟುಹೋದ ಒಬ್ಬ ಮನುಷ್ಯ ಎಂಟು ದಿನ ಬಿಟ್ಟು ಬಂದು, ಇದು ನನ್ನ ಕೋಟೇ ಅಲ್ಲ, ನನ್ನದರಲ್ಲಿ ತೂತಿತ್ತು ಎಂದು ಜಗಳ ತೆಗೆದ. ಒಳಜೇಬಿನಲ್ಲಿ ಅವನ ಹೆಂಡತಿ ಬರೆದ ಬೈಗುಳದ ಚೀಟಿ ಸಿಕ್ಕಿದ ಮೇಲೇ ಅವನು ಕೋಟನ್ನು ಒಪ್ಪಿಕೊಂಡದ್ದು. ಇನ್ನೊಮ್ಮೆ ಗಾಳಿಗೆ ಬಲೆ ಹರಿದುಕೊಂಡ ಜೇಡವೊಂದು ಅವಳ ಕಿಟಕಿಯಲ್ಲಿ ಸರದಿಗಾಗಿ ಕಾದು ಕೂತಿತ್ತು ಎಂದು ಬೀದಿಯವರು ಹೇಳುತ್ತಾರೆ. ನಾನು ನೋಡಿಲ್ಲ. ಬೀದಿಯವರಿಗೆ ಹೇಳಿದವನು ಮಾತ್ರ ನಾನೇ.

ಅವಳ ಕೋಣೆ ನೆಲಮಹಡಿಯದು. ಬೆಳಕು ಬೀಳುವ ಒಂದೇ ಕಿಟಕಿ, ಅದರ ಕೆಳಗೆ ಇಳಿಜಾರು ಮೇಜು, ಮೇಜಿನ ಮೇಲೆ ಬಟ್ಟೆ ಬಿಗಿದು ಹಿಡಿಯಲು ಮರದ ಗುಂಡು, ಬಿರಡೆಗೆ ಚುಚ್ಚಿದ ಇಪ್ಪತ್ತು ಸೂಜಿ. ಗಂಡ ಎದುರು ಸಾಲಿನ ಬ್ರೆಡ್ ಭಟ್ಟಿಯಲ್ಲಿ ಕೆಲಸ. ವರ್ಷಕ್ಕೆ ಹನ್ನೊಂದು ಮಾತಾಡುವ ಆಸಾಮಿ, ಅದರಲ್ಲೂ ಏಳು ಬರೀ ‘ಹೂಂ’.

ಇಂಥ ಚಿಕ್ಕಮ್ಮನಿಗೆ ಐವತ್ತು ದಾಟುವಾಗ ಕಣ್ಣು ಕೈಕೊಟ್ಟಿತು. ಅವಳ ಅಮ್ಮನಿಗೂ ಹೀಗೇ ಆಗಿತ್ತು, ಅಜ್ಜಿಗೂ. ಮೊದಲು ಮುಸ್ಸಂಜೆಯ ಹೊತ್ತಿಗೆ ಏನೂ ಕಾಣುವುದಿಲ್ಲ. ಆಮೇಲೆ ನೋಟ ಸುತ್ತಲಿಂದ ಮುಚ್ಚಿಕೊಳ್ಳುತ್ತಾ ಬರುತ್ತದೆ, ನಳಿಗೆಯೊಳಗಿಂದ ಇಣುಕಿದ ಹಾಗೆ. ಕೊನೆಗೆ ನಳಿಗೆಯೂ ಮುಚ್ಚುತ್ತದೆ. ವಂಶವಾಹಿಯಲ್ಲಿ ಒಂದೇ ಒಂದು ಎಳೆ ತಪ್ಪಿ ಕೂತಿರುವುದರಿಂದ ಇದು ತಾಯಿಯಿಂದ ಮಕ್ಕಳಿಗೆ ಬರುತ್ತದೆ ಎಂದು ವೈದ್ಯರು ಹೇಳಿದರು. ಎರಡು ವರ್ಷ ಎಂದು ಗಡುವನ್ನೂ ಹೇಳಿದರು. ಹೊರಗಿನ ಊರುಗಳಲ್ಲಿ ಇದಕ್ಕೆ ಮದ್ದಿತ್ತು. ಕಣ್ಣಿಗೊಂದು ಸೂಜಿ ಕೊಟ್ಟರೆ ತಪ್ಪಿದ ಎಳೆ ಒಳಗೇ ಸರಿಹೋಗುತ್ತದೆ, ಮಂಕಾದ ಭಾಗ ಚೇತರಿಸಿಕೊಳ್ಳುತ್ತದೆ, ಪೂರ್ತಿ ಸತ್ತ ಭಾಗ ಮಾತ್ರ ಬದುಕುವುದಿಲ್ಲ, ಹಾಗಾಗಿ ಬೇಗ ಹಾಕಿಸಬೇಕು. ಆದರೆ ನಮ್ಮ ಊರಿಗೆ ಹೊಸದು ಯಾವುದೂ ಹಾಗೆ ಸುಮ್ಮನೆ ಬರುವುದಿಲ್ಲ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಹೊಸ ವಸ್ತು ಬಂದಾಗ ಊರೆಲ್ಲ ಹಳೆಯ ಟ್ರಾಮ್ ಶೆಡ್ಡಿನಲ್ಲಿ ಸೇರುತ್ತದೆ. ಬೇಕು ಎನ್ನುವವರನ್ನು ಯಾರೂ ಕೇಳುವುದಿಲ್ಲ, ಆಸೆ ಯಾರಿಗಿಲ್ಲ? ಬೇಡ ಎನ್ನುವವರು ಎದ್ದು ನಿಂತು ಕಾರಣ ಹೇಳಬೇಕು. ಕಾರಣ ಮನಸ್ಸಿನಿಂದ ಬಂದದ್ದಾಗಿರಬೇಕು. ಹಾಗೆ ಬೇಡ ಎಂದವರಿಗೇ ಆ ವಸ್ತುವನ್ನು ಮೊದಲು ಕೊಡುತ್ತಾರೆ. ಒಂದು ವರ್ಷ ಬಳಸಿ, ಮತ್ತೆ ಶೆಡ್ಡಿಗೆ ಬಂದು, ಇರಲಿ ಎಂದರೆ ಊರಿಗೆಲ್ಲ ಬರುತ್ತದೆ. ಹೋಗಲಿ ಎಂದರೆ ಹೋಗುತ್ತದೆ, ಮತ್ತೆ ಐದು ವರ್ಷ ಅದರ ಸುದ್ದಿಯಿಲ್ಲ. ಒಪ್ಪಿಗೆಯಿಲ್ಲದ್ದನ್ನು ಹೊರಗೆ ಹೋಗಿ ಮಾಡಿಸಿಕೊಂಡವರು ಹೊರಗೇ ಉಳಿಯಬೇಕು.

ಮೂಗಿಗಿಂತ ಮೂಗುತಿ ಭಾರ ಆಗಬಾರದು ಎನ್ನುವುದಷ್ಟೇ ಇದರ ಲೆಕ್ಕ. ಕೂದಲು ಉದುರದ ಬೆಕ್ಕು ಬಂದಿತ್ತು, ವಂಶವಾಹಿ ತಿದ್ದಿ ಬೆಳೆಸಿದ್ದು. ರೇಷ್ಮೆಯಂಥ ಬೆಕ್ಕು, ಆದರೆ ಇಲಿಯನ್ನು ಕಂಡರೆ ಎದ್ದು ಜಾಗ ಬಿಟ್ಟುಕೊಡುತ್ತಿತ್ತು. ಹೋಯಿತು. ಬಾಡದ ಗುಲಾಬಿ ಬಂತು. ಪರೀಕ್ಷೆ ಮಾಡಿದ ಗೃಹಸ್ಥ ಹೆಂಡತಿಯ ಹತ್ತಿರ ಕ್ಷಮೆ ಕೇಳಿ ಒಂದು ಹೂ ಕೊಟ್ಟ. ಹೂ ವರ್ಷವಿಡೀ ನಳನಳಿಸಿತು, ಅವನ ತಪ್ಪೂ ಅವಳ ನೆನಪಿನಲ್ಲಿ ಅಷ್ಟೇ ತಾಜಾ ಉಳಿಯಿತು. ಅದೂ ಹೋಯಿತು. ರೋಗ ಹತ್ತದ ಗೋಧಿ ಉಳಿಯಿತು. ಹುಟ್ಟಲಿರುವ ಮಗುವಿನ ಎತ್ತರ, ಬಣ್ಣ, ಬುದ್ಧಿ ಆರಿಸುವ ದಪ್ಪ ಪುಸ್ತಕವೂ ಒಮ್ಮೆ ಬಂದಿತ್ತು. ಅದನ್ನು ತೆರೆಯದೆ ವಾಪಸ್ ಕಳಿಸಿದರು. ವರ್ಷ ಬಳಸಿ ನೋಡಿ ಮಗುವನ್ನು ಹಿಂತಿರುಗಿಸುವ ಅಂಗಡಿ ಎಲ್ಲಿದೆ?

ಈ ಪದ್ಧತಿ ಮೂವತ್ತು ವರ್ಷ ಸುಸೂತ್ರವಾಗಿ ನಡೆದದ್ದು ಒಬ್ಬನ ಪುಣ್ಯದಿಂದ. ಅವನು ಚಿಕ್ಕಮ್ಮನ ಸ್ವಂತ ತಮ್ಮ, ನಲ್ಲಿ ರಿಪೇರಿಯವನು. ಊರೆಲ್ಲ ಅವನನ್ನು ಬೇಡಪ್ಪ ಎಂದು ಕರೆಯುತ್ತದೆ. ಹೊಸದು ಎಂದು ಬಾಯಿಬಿಡುವ ಮುಂಚೆಯೇ ಅವನು ಬೇಡ ಎಂದು ಎದ್ದಿರುತ್ತಾನೆ. ಹುಟ್ಟಿದಾಗ ಸೂಲಗಿತ್ತಿ ಬೆನ್ನು ತಟ್ಟಿದರೆ ಎಲ್ಲ ಮಕ್ಕಳೂ ಅಳುತ್ತವೆ, ಇವನು ಮಾತ್ರ ತಲೆ ಅಲ್ಲಾಡಿಸಿದನಂತೆ. ಸೋರುವ ಕಡೆ ನೀಲಿಗೆ ತಿರುಗುವ ಪಾಚಿಯನ್ನು ಕೊಳವೆಗಳಿಗೆ ಹಚ್ಚಲು ತಂದಾಗಲೂ, ಸೋರಿಕೆ ಹುಡುಕೋಕೆ ನನಗೆ ಕಿವಿಯಿದೆ ಎಂದು ವಿರೋಧಿಸಿದ. ವರ್ಷ ಬಳಸಿದ. ವಾಪಸ್ ಕೊಡುವ ದಿನ ಪಾಚಿಯ ಡಬ್ಬಿಯನ್ನು ಎದೆಗೆ ಅವುಚಿಕೊಂಡು ನಿಂತ. ಮೂರು ಜನ ಎಳೆದರೂ ಬಿಡಲಿಲ್ಲ. ಪಾಚಿ ಉಳಿಯಿತು.

ಚಿಕ್ಕಮ್ಮ ಕೇಳಿಕೊಂಡ ಮೇಲೆ ಕಣ್ಣಿನ ಮದ್ದನ್ನು ಹಿಡಿದುಕೊಂಡು ಹೊರಗಿನಿಂದ ನರ್ಸಮ್ಮ ಬಂದಳು. ಕೈಯಲ್ಲಿ ತಣ್ಣನೆಯ ಪೆಟ್ಟಿಗೆ, ಅದರಲ್ಲಿ ಒಬ್ಬರಿಗೆ ಸಾಕಾಗುವ ಎರಡೇ ಸೂಜಿಮದ್ದು, ಪರೀಕ್ಷೆಗೆ ಅಂತ. ಇಲ್ಲೇ ಊರಿಗೆ ಊರೇ ತಲೆ ಕೆಡಿಸಿಕೊಂಡದ್ದು. ಯಾರಾದರೂ ಬೇಡ ಎಂದರೆ ಮದ್ದು ಅವರ ಕಣ್ಣಿಗೆ ಹೋಗುತ್ತದೆ. ಚಿಕ್ಕಮ್ಮ ಇನ್ನೊಂದು ವರ್ಷ ಕಾಯಬೇಕು. ಅವಳ ಹತ್ತಿರ ಇರುವುದೇ ಎರಡು ವರ್ಷ, ಅದರಲ್ಲೊಂದು ಹೀಗೇ ಹೋಗಿ, ಹಾಕಿಸಿಕೊಂಡವರು ಹೋಗಲಿ ಎಂದುಬಿಟ್ಟರೆ ಐದು ವರ್ಷ ಬಾಗಿಲು ಮುಚ್ಚಿದ ಹಾಗೇ. ಆದ್ದರಿಂದ ಯಾರೂ ಬಾಯಿ ಬಿಡಬಾರದು ಎಂದು ಮನೆಮನೆಯಲ್ಲಿ ತೀರ್ಮಾನವಾಯಿತು. ಯಾರೂ ಯಾರಿಗೂ ಹೇಳಲಿಲ್ಲ, ಎಲ್ಲರೂ ತಾವೇ ತಾವಾಗಿ ಮಾಡಿದ ಉಪಕಾರ ಅದು.

ಭಾನುವಾರ ಮಧ್ಯಾಹ್ನ ಶೆಡ್ಡು ತುಂಬಿತು. ಸಭೆ ನಡೆಸುವವರು ಹಳೆಯ ಟೀಚರಮ್ಮ. ಊರಿನ ಮುಕ್ಕಾಲು ಪಾಲು ಜನರ ಕಿವಿ ಹಿಂಡಿದ ಕೈ ಅವರದು. ಬೇಡ ಎನ್ನುವವರು ಯಾರಿದ್ದೀರಿ ಎಂದು ಕೇಳಿದರು. ಉತ್ತರವಿಲ್ಲ. ಎಲ್ಲರ ಕತ್ತು ಅಭ್ಯಾಸಬಲದಿಂದ ಬೇಡಪ್ಪನ ಕಡೆ ತಿರುಗಿತು. ಅವನು ಕೆಂಪಗಾಗಿ, ಕುತ್ತಿಗೆಯ ಪಂಚೆತುಂಡನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೂತಿದ್ದ. ಮೂವತ್ತು ವರ್ಷದ ಚಟವನ್ನು ಒಂದು ಮಧ್ಯಾಹ್ನ ತಡೆಹಿಡಿಯುವುದೆಂದರೆ ಸಾಮಾನ್ಯವಲ್ಲ, ಅವನ ಕಿವಿಯಿಂದ ಹಬೆ ಹೊರಟದ್ದನ್ನು ನಾನು ಕಣ್ಣಾರೆ ಕಂಡೆ. ಟೀಚರಮ್ಮ ಎರಡನೆಯ ಸಲ ಕೇಳಿದರು. ಕೆಮ್ಮು ಬಂದವರೂ ಕೆಮ್ಮನ್ನು ನುಂಗಿಕೊಂಡರು.

ಆಗ ಟೀಚರಮ್ಮ ಕನ್ನಡಕ ಏರಿಸಿ, ಊರಿನ ಕಟ್ಟುಪಾಡಿನ ಪುಸ್ತಕದ ಕೊನೆಯ ಹಾಳೆ ತಿರುವಿದರು. ಅವರ ಮುಖ ಇಳಿಯಿತು. ಯಾರೂ ಬೇಡ ಎನ್ನದ ವಸ್ತುವನ್ನು ಊರಿನೊಳಗೆ ಬಿಡುವಂತಿಲ್ಲ ಎಂದು ಅಲ್ಲಿ ಬರೆದಿತ್ತು. ಬಹಳ ಹಿಂದೆ, ಏನು ಬೇಕಾದರೂ ನೆನಪಿಟ್ಟುಕೊಂಡು ಹೇಳುವ ಒಂದು ಗಡಿಯಾರವನ್ನು ಯಾರೂ ವಿರೋಧಿಸದೆ ಒಳಗೆ ಬಿಟ್ಟು, ಮೂರೇ ವರ್ಷದಲ್ಲಿ ಅಪ್ಪಂದಿರು ತಮ್ಮ ಮಕ್ಕಳ ಹೆಸರನ್ನು ಗಡಿಯಾರಕ್ಕೆ ಕೇಳುವಂತಾದಾಗ ಮಾಡಿದ ನಿಯಮ. ಬೇಡಪ್ಪ ಇರುವ ತನಕ ಈ ಹಾಳೆಗೆ ಕೆಲಸವೇ ಬಿದ್ದಿರಲಿಲ್ಲ. ಹಾಗಾಗಿ ಎಲ್ಲರೂ ಮರೆತಿದ್ದರು. ಟೀಚರಮ್ಮ ಅದನ್ನು ಓದಿ ಹೇಳಿ, ಮೂರನೆಯ ಸಲ ಕೇಳುವ ಮುಂಚೆ ಸ್ವಲ್ಪ ಹೊತ್ತು ಬಿಡುತ್ತೇನೆ ಎಂದರು.

ಊರು ಇಕ್ಕಳದಲ್ಲಿ ಸಿಕ್ಕಿಬಿತ್ತು. ಬಾಯಿ ಬಿಟ್ಟರೆ ಮದ್ದು ತಮ್ಮ ಕಣ್ಣಿಗೆ, ಬಿಡದಿದ್ದರೆ ಮದ್ದು ಬಂದ ದಾರಿಗೆ. ಎರಡರಲ್ಲೂ ಚಿಕ್ಕಮ್ಮ ಕುರುಡಿ. ಭಟ್ಟಿಯ ಗಂಡ ಕಣ್ಣು ಮುಚ್ಚಿಕೊಂಡ. ನರ್ಸಮ್ಮ ಪೆಟ್ಟಿಗೆಯ ಬೀಗದ ಕೈ ಹುಡುಕತೊಡಗಿದಳು.

ಚಿಕ್ಕಮ್ಮ ಮುಂದಿನ ಸಾಲಿನಲ್ಲಿದ್ದಳು. ಎದ್ದು ನಿಂತು, ಪಕ್ಕದ ಕಂಬ ಕಾಣದೆ ಅದಕ್ಕೆ ಭುಜ ತಗುಲಿಸಿಕೊಂಡು, ಸಾವರಿಸಿಕೊಂಡಳು.

“ನಾನು ಬೇಡ ಅಂತೀನಿ.”

ಶೆಡ್ಡಿನಲ್ಲಿ ಗುಸುಗುಸು ಎದ್ದಿತು. ಟೀಚರಮ್ಮ ಗೆಲುವಾಗಲಿಲ್ಲ. ಪದ್ಧತಿ ಎಂದರೆ ಅವರಿಗೆ ಗಣಿತದ ಹಾಗೆ. “ಕೇಳಿ ತರಿಸಿದವಳು ನೀನೇ. ಈಗ ಬೇಡ ಅನ್ನೋಕೆ ಕಾರಣ ಬೇಕಲ್ಲಮ್ಮ. ಸೂಜಿ ಸಿಗ್ಲಿ ಅಂತ ಕಟ್ಟಿದ ಕಾರಣ ಆದ್ರೆ ನಾನು ಒಪ್ಪಲ್ಲ.”

“ಕಟ್ಟಿದ್ದಲ್ಲ ಮೇಡಂ. ಆರು ತಿಂಗಳಿಂದ ಒಳಗೇ ಇಟ್ಕೊಂಡಿರೋದು.” ಚಿಕ್ಕಮ್ಮನ ದನಿ ಸಣ್ಣದಾಗಿತ್ತು. “ನಾನು ಹಾಕಿದ ಹೊಲಿಗೆ ಸರಿ ಬರ್ಲಿಲ್ಲ ಅಂದ್ರೆ ಬಿಚ್ಚಿ ಮತ್ತೆ ಹಾಕ್ತೀನಿ. ಇದನ್ನ ಬಿಚ್ಚೋಕಾಗಲ್ಲ. ಅದು ಒಂದು. ನಮ್ಮಮ್ಮ ಕಣ್ಣು ಹೋದ ಮೇಲೆ ಹದಿನಾಲ್ಕು ವರ್ಷ ಬೆರಳಲ್ಲೇ ನೋಡ್ಕೊಂಡು ರಫೂ ಮಾಡಿದ್ಲು. ಆ ಬೆರಳನ್ನೇ ನಂಗೂ ಕೊಟ್ಟು ಹೋದ್ಲು. ಕಣ್ಣು ಚೆನ್ನಾಗಿ ಬಂದು ಬೆರಳು ಸೋಮಾರಿ ಆಗ್ಬಿಟ್ರೆ ನನ್ನ ಹತ್ರ ಇನ್ನೇನಿರತ್ತೆ? ಬೇಕು ಅಂತ ಎಷ್ಟು ಆಸೆ ಇದ್ಯೋ, ಭಯನೂ ಅಷ್ಟೇ ಇದೆ.”

ಟೀಚರಮ್ಮ ಅವಳನ್ನು ಬಹಳ ಹೊತ್ತು ನೋಡಿದರು. ಸುಳ್ಳು ಹೇಳುವ ಮಕ್ಕಳನ್ನು ನಲವತ್ತು ವರ್ಷ ನೋಡಿದ ಕಣ್ಣು ಅದು. ಕಾರಣ ಸರಿಯಾಗಿದೆ ಎಂದು ಬರೆದುಕೊಂಡರು. ಆದರೆ ಬಿಚ್ಚಲಾಗದು ಎಂಬ ಮಾತು ಈಗ ಸಭೆಯ ಗಂಟಲಲ್ಲಿ ಮುಳ್ಳಾಯಿತು. ಹಿಂತಿರುಗಿಸಲಾಗದ್ದನ್ನು ಪರೀಕ್ಷೆ ಮಾಡುವುದು ಹೇಗೆ? ಮಗುವಿನ ಪುಸ್ತಕವನ್ನು ಕಳಿಸಿದ್ದು ಇದೇ ಕಾರಣಕ್ಕಲ್ಲವೇ? ಅರ್ಧ ಗಂಟೆ ಎಲ್ಲರೂ ಗಾಳಿ ಗುದ್ದಿ ಮೈ ನೋಯಿಸಿಕೊಂಡರು. ಕೊನೆಗೆ ಪಂಚೆತುಂಡನ್ನು ಬಾಯಿಂದ ತೆಗೆದವನು ಬೇಡಪ್ಪ.

“ಎರಡು ನಲ್ಲಿ ಇರೋ ಮನೇಲಿ ಎರಡನ್ನೂ ಒಟ್ಟಿಗೆ ಬಿಚ್ಚೋನು ಕಸುಬುದಾರ ಅಲ್ಲ” ಎಂದ. “ಒಂದನ್ನ ಬಿಚ್ಚಬೇಕು, ಇನ್ನೊಂದ್ರಲ್ಲಿ ನೀರು ಬರ್ತಿರ್ಬೇಕು. ಒಂದು ಕಣ್ಣಿಗೆ ಹಾಕಿ. ಇನ್ನೊಂದು ಹಂಗೇ ಇರ್ಲಿ. ವರ್ಷ ಆದ್ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ.”

ನರ್ಸಮ್ಮ, ಇದು ಕಣ್ಣಿನೊಳಗೇ ಉಳಿಯುವ ಮದ್ದು, ಹುಟ್ಟುವ ಮಕ್ಕಳಿಗೆ ದಾಟುವುದಿಲ್ಲ ಎಂದು ಹೇಳಿದ್ದರಿಂದ ಸಭೆ ಒಪ್ಪಿತು. ಮಾರನೆಯ ಬೆಳಿಗ್ಗೆ ಬಲಗಣ್ಣಿಗೆ ಸೂಜಿ ಹಾಕಿದರು. ಇನ್ನೊಂದು ಸೂಜಿಮದ್ದು ಪೆಟ್ಟಿಗೆಯಲ್ಲೇ ತಣ್ಣಗೆ ಉಳಿಯಿತು.

ಮೊದಲ ಎರಡು ತಿಂಗಳು ಏನೂ ಆಗಲಿಲ್ಲ. ಬೆಳಿಗ್ಗೆ ಎದ್ದ ಕೂಡಲೆ ಚಿಕ್ಕಮ್ಮ ಒಂದು ಕಣ್ಣು ಮುಚ್ಚಿ ಗೋಡೆಯ ಮೊಳೆ ನೋಡುವಳು, ಇನ್ನೊಂದು ಮುಚ್ಚಿ ಅದೇ ಮೊಳೆ ನೋಡುವಳು. ನೋಡಿ ನೋಡಿ ಮೊಳೆಗೇ ನಾಚಿಕೆಯಾಗಿ ಸ್ವಲ್ಪ ಬಾಗಿಕೊಂಡಿತು. ಊರವರು ಅಂಗಿಯ ಗುಂಡಿ ಸಡಿಲವಾಗಿದೆ ಎಂಬ ನೆಪ ಮಾಡಿಕೊಂಡು ಬಂದು ಅವಳ ಕಣ್ಣು ನೋಡಿ ಹೋಗುತ್ತಿದ್ದರು. ಗುಂಡಿ ಗಟ್ಟಿಯಿದ್ದವರು ಬಾಗಿಲಾಚೆ ನಿಂತು ಕಿತ್ತುಕೊಂಡು ಬರುತ್ತಿದ್ದರು. ಮೂರನೆಯ ತಿಂಗಳ ಒಂದು ಸಂಜೆ, ದೀಪ ಹಚ್ಚುವ ಮುಂಚೆ, ಅವಳು ಕಿಟಕಿಯ ಬಳಿ ಸೂಜಿಗಳನ್ನು ಬಿರಡೆಗೆ ಚುಚ್ಚುತ್ತಿದ್ದಾಗ ಬಲಗಡೆ ಏನೋ ಅಲುಗಿತು. ತಲೆ ತಿರುಗಿಸದೆಯೇ, ಬಾಗಿಲಲ್ಲಿ ಗಂಡ ನಿಂತಿರುವುದು ಕಂಡಿತು. ಮೂರು ವರ್ಷದಿಂದ ಅವಳ ಪಾಲಿಗೆ ಆ ಬದಿಯಲ್ಲಿ ಮನುಷ್ಯರೇ ಇರಲಿಲ್ಲ. ಯಾವಾಗಿಂದ ನಿಂತಿದ್ದೀರಿ ಎಂದು ಕೇಳಿದಳು. ಅವನು ಹೂಂ ಎಂದ. ಆ ವರ್ಷದ ಅತ್ಯುತ್ತಮ ಹೂಂ ಅದೇ ಎಂದು ಚಿಕ್ಕಮ್ಮ ಇವತ್ತಿಗೂ ಹೇಳುತ್ತಾಳೆ.

ಬಲಗಣ್ಣು ತಿಂಗಳಿಂದ ತಿಂಗಳಿಗೆ ತೆರೆದುಕೊಂಡಿತು. ಎಡಗಣ್ಣು ಅಷ್ಟೇ ಶಿಸ್ತಾಗಿ ಮುಚ್ಚಿಕೊಳ್ಳುತ್ತಾ ಹೋಯಿತು. ಎಲ್ಲ ಸುಖವಾಗಿದೆ ಎನ್ನುವಾಗ, ಒಂಬತ್ತನೆಯ ತಿಂಗಳಲ್ಲಿ ಇನ್ನೊಂದು ಕೋಟಿನ ಪ್ರಸಂಗ ನಡೆಯಿತು. ಟ್ರಾಮ್ ಕಂಡಕ್ಟರನ ಬೂದು ಕೋಟಿನ ಮೊಣಕೈಗೆ ಚಿಕ್ಕಮ್ಮ ರಫೂ ಮಾಡಿ ಕೊಟ್ಟಳು. ಎರಡು ದಿನ ಬಿಟ್ಟು ಅವನು ವಾಪಸ್ ಬಂದು, ಹೇಳಲೋ ಬೇಡವೋ ಎಂದು ಹೊಸ್ತಿಲಲ್ಲಿ ನಿಂತ. ಬಿಸಿಲಿಗೆ ಹಿಡಿದರೆ ಮೊಣಕೈಯಲ್ಲಿ ಚೌಕ ಕಾಣುತ್ತಿತ್ತು. ಅವಳ ಮೂವತ್ತನಾಲ್ಕು ವರ್ಷದ ಕೆಲಸದಲ್ಲಿ ಕಂಡುಹಿಡಿಯಬಹುದಾದ ಮೊದಲ ರಫೂ ಅದು. ಕಣ್ಣು ಕಂಡದ್ದೇ ಬೆರಳು ವಿಶ್ರಾಂತಿಗೆ ಹೋಗಿತ್ತು. ನೂಲಿನ ಬಿಗಿ ಕಣ್ಣಿಗೆ ಕಾಣುವಂಥದ್ದಲ್ಲ, ಬೆರಳಿಗೆ ಗೊತ್ತಾಗುವಂಥದ್ದು.

ಚಿಕ್ಕಮ್ಮ ಅವನಿಗೆ ಗಂಡನ ಹಳೆಯ ಕೋಟು ಕೊಟ್ಟು ಬೂದು ಕೋಟನ್ನು ಇಟ್ಟುಕೊಂಡಳು. ಇದನ್ನು ಯಾರಿಗೂ ತೋರಿಸಬೇಕಾಗಿಲ್ಲ ಎಂದು ಹೇಳಿದವರು ನೂರು ಜನ. ಕಂಡಕ್ಟರನೇ ತನ್ನ ಮೊಣಕೈಯೇ ಚೌಕ ಎಂದು ಪ್ರಮಾಣ ಮಾಡಲು ತಯಾರಿದ್ದ. ಆದರೆ ಬೇಡ ಎಂದು ಎದ್ದವರು ವರ್ಷದ ಕೊನೆಗೆ ತಮ್ಮ ಕಾರಣಕ್ಕೆ ಉತ್ತರ ಹೇಳಲೇಬೇಕು. ಭಯ ನಿಜವಾಯಿತೇ, ಇಲ್ಲವೇ? ನಿಜವಾಯಿತು ಎಂದವರು ಇದುವರೆಗೆ ಹೋಗಲಿ ಎಂದೇ ಹೇಳಿದ್ದರು. ಹಾಗಾದರೆ ಮದ್ದು ಹೊರಗೆ, ಎಡಗಣ್ಣು ಕತ್ತಲೆಗೆ. ಆಮೇಲೆ ಈ ಕಾಯಿಲೆ ಬರುವವರೆಲ್ಲ ಐದು ವರ್ಷ ಕಾಯಬೇಕು. ಉಳಿದ ಮೂರು ತಿಂಗಳು ಚಿಕ್ಕಮ್ಮ ದಿನಾ ಮಧ್ಯಾಹ್ನ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹಳೆಯ ಚಿಂದಿಗಳ ಮೇಲೆ ಕೆಲಸ ಮಾಡಿದಳು. ಅಷ್ಟು ಚಿಂದಿ ನಮ್ಮ ಊರಲ್ಲಿರಲಿಲ್ಲ. ಒಳ್ಳೆಯ ಬಟ್ಟೆಯನ್ನೇ ಹರಿದು ಕಳಿಸಿದವರಿದ್ದಾರೆ.

ವರ್ಷ ತುಂಬಿತು. ಶೆಡ್ಡು ಮತ್ತೆ ಭರ್ತಿ. ಚಿಕ್ಕಮ್ಮ ಕೋಟನ್ನು ಮಡಿಸಿಕೊಂಡು ಬಂದು, ನೇರವಾಗಿ ಟೀಚರಮ್ಮನ ಮೇಜಿನ ಮೇಲೆ ಹರಡಿದಳು. ಈ ಸಲ ಯಾವ ಕಂಬಕ್ಕೂ ತಗುಲಲಿಲ್ಲ.

“ನನ್ನ ಭಯ ನಿಜ ಆಯ್ತು ಮೇಡಂ. ನೋಡಿ, ಇಲ್ಲಿ.”

ಕೋಟು ಸಾಲಿನಿಂದ ಸಾಲಿಗೆ ಹೋಯಿತು. ಯಾರೂ ಚೌಕ ಕಂಡಿತೆಂದು ಹೇಳಲಿಲ್ಲ, ಎಲ್ಲರಿಗೂ ಕಂಡಿತ್ತು. ಹಾಗಾದರೆ ವಾಪಸ್ ಕಳಿಸುವುದೇ ಎಂದು ಟೀಚರಮ್ಮ ಪೆನ್ನಿನ ಮುಚ್ಚಳ ತೆಗೆಯದೆಯೇ ಕೇಳಿದರು.

“ಇರ್ಲಿ ಅಂತೀನಿ” ಎಂದಳು ಚಿಕ್ಕಮ್ಮ. “ಬೆರಳು ಕೆಟ್ರೆ ಬೆರಳಿಗೆ ಬುದ್ಧಿ ಹೇಳ್ಬಹುದು. ಮೂರು ತಿಂಗಳು ಹೇಳ್ದೆ, ಮುಕ್ಕಾಲು ಪಾಲು ಕೇಳಿದೆ. ಕಣ್ಣಿಗೆ ಹಂಗೆ ಹೇಳೋಕಾಗಲ್ಲ. ಇದನ್ನ ಹಾಕಿಸ್ಕೊಳ್ಳೋರಿಗೆ ಒಂದೇ ಮಾತು, ದಿನಾ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೆಲಸ ಮಾಡಿ. ಅದನ್ನೂ ಪುಸ್ತಕದಲ್ಲಿ ಬರೀರಿ.”

ಟೀಚರಮ್ಮ ಬರೆದರು. ಬರೆದು ಮುಗಿಸಿ, ಕನ್ನಡಕ ತೆಗೆದು ಒರೆಸಿ, ಅದೇ ಕೈಯಲ್ಲಿ ಮೂಗನ್ನೂ ಒರೆಸಿಕೊಂಡರು. ಆಮೇಲೆ ಶೆಡ್ಡಿನಲ್ಲಿದ್ದವರೆಲ್ಲ ಒಟ್ಟಿಗೆ ಬಿಟ್ಟ ನಿಟ್ಟುಸಿರಿಗೆ ತಗಡಿನ ಛಾವಣಿ ಒಂದು ಗೇಣು ಮೇಲೆದ್ದು ಮತ್ತೆ ಕೂತಿತು. ನಾಲ್ಕು ಪಾರಿವಾಳ ಅಲ್ಲಿಂದ ಎದ್ದು ಹೋದವು, ಇನ್ನೂ ಬಂದಿಲ್ಲ.

ಗದ್ದಲ ತಗ್ಗುವಾಗ ಬೇಡಪ್ಪ ನರ್ಸಮ್ಮನ ಬಳಿ ಹೋಗಿ ಮೆಲ್ಲಗೆ ಏನೋ ಕೇಳುತ್ತಿದ್ದ. ಚಿಕ್ಕಮ್ಮ ಈಗ ಬದಿಯಲ್ಲಿ ನಡೆಯುವುದನ್ನೂ ನೋಡಬಲ್ಲವಳು. ಹೋಗಿ ಅವನ ತೋಳು ಹಿಡಿದಳು. ನರ್ಸಮ್ಮ, ನಿಮ್ಮ ತಮ್ಮನಿಗೂ ಇದೇ ಕಾಯಿಲೆಯಂತೆ, ಎರಡು ವರ್ಷವಾಯಿತಂತೆ ಎಂದಳು. ಬೇಡಪ್ಪ ಮುಸ್ಸಂಜೆಯ ಮೇಲೆ ಕೆಲಸಕ್ಕೆ ಬರುವುದಿಲ್ಲ ಎಂದು ನಾವೆಲ್ಲ ಅವನನ್ನು ಸೋಮಾರಿ ಎಂದುಕೊಂಡಿದ್ದೆವು. ಹಣೆಯ ಗಾಯಗಳನ್ನು ಅವನು ಕೊಳವೆಗಳ ಮೇಲೆ ಹೊರಿಸಿದ್ದ.

“ಅದಕ್ಕೇನಾ ಅವತ್ತು ಬಾಯಿ ಮುಚ್ಕೊಂಡು ಕೂತಿದ್ದು?”

“ನಾನು ಬೇಡ ಅಂದಿದ್ರೆ ಸೂಜಿ ನಂಗೆ ಬರ್ತಿತ್ತಕ್ಕ” ಎಂದ ಬೇಡಪ್ಪ, ನೆಲ ನೋಡುತ್ತಾ. “ಬರ್ಲಿ ಅಂತ ಆಸೆನೂ ಆಯ್ತು. ಬಾಯಿ ಬಿಟ್ರೆ ಎಲ್ಲಿ ಅಂದ್ಬಿಡ್ತೀನೋ ಅಂತ ಆ ಬಟ್ಟೆ ಕಚ್ಕೊಂಡಿದ್ದು. ನಿನ್ನ ಹತ್ರ ಟೈಮ್ ಇರ್ಲಿಲ್ಲ. ನಂಗಿನ್ನೂ ಇತ್ತು.”

“ಹೇಳೋದಲ್ವೇನೋ ದಡ್ಡ. ನೀನು ಸುಮ್ನಿದ್ದು ಇಬ್ರನ್ನೂ ಕುರುಡು ಮಾಡ್ತಿದ್ದೆ.”

“ಹೇಳಿದ್ರೆ ನೀನು ನಂಗೇ ಹಾಕ್ಸಿರ್ತಿದ್ದೆ.”

ಮಾತು ಸರಿಯಿತ್ತು. ಚಿಕ್ಕಮ್ಮ ತಮ್ಮನ ತಲೆಯ ಮೇಲೆ ಸಣ್ಣಗೊಂದು ಮೊಟಕಿದಳು. ಮೊಟಕಿದ ಕೈ ಅಲ್ಲೇ ಸ್ವಲ್ಪ ಹೊತ್ತು ಉಳಿಯಿತು.

ಪೆಟ್ಟಿಗೆಯಲ್ಲಿ ಉಳಿದದ್ದು ಒಂದೇ ಸೂಜಿಮದ್ದು. ಅದು ಯಾರಿಗೆ ಎಂದು ಅಕ್ಕ ತಮ್ಮ ಕ್ಲಿನಿಕ್ಕಿನ ಬೆಂಚಿನ ಮೇಲೆ ಮುಕ್ಕಾಲು ಗಂಟೆ ಜಗಳವಾಡಿದರು. ನಿಂಗೆ, ಬೇಡ ನಿಂಗೆ ಎಂದು. ಕೊನೆಗೆ ನರ್ಸಮ್ಮ, ಊರು ಒಪ್ಪಿದ ಮೇಲೆ ಎಷ್ಟು ಬೇಕಾದರೂ ತರಿಸಬಹುದು, ಗುರುವಾರದ ಗಾಡಿಯಲ್ಲಿ ಇನ್ನೊಂದು ಪೆಟ್ಟಿಗೆ ಬರುತ್ತದೆ, ಈಗ ಒಬ್ಬರು ಬಾಯಿ ಮುಚ್ಚಿ ಒಳಗೆ ಬನ್ನಿ ಎಂದು ಗದರಿದಳು. ಬೇಡಪ್ಪ ಒಳಗೆ ಹೋದ. ಸೂಜಿ ತಾಗುವ ಕ್ಷಣಕ್ಕೆ ಅವನು ಬೇಡ ಎಂದದ್ದು ಹೊರಗಿನ ಬೀದಿಗೂ ಕೇಳಿಸಿತು, ಆದರೆ ಅದನ್ನು ಯಾರೂ ಬರೆದುಕೊಳ್ಳಲಿಲ್ಲ.

ಗುರುವಾರ ಚಿಕ್ಕಮ್ಮನ ಎಡಗಣ್ಣಿಗೂ ಹಾಕಿದರು. ಸಂಜೆ ಬೆಳಕು ಇಳಿಯುವ ಹೊತ್ತಿಗೆ ಅಕ್ಕ ತಮ್ಮ ಒಂದೊಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮನೆಯ ಕಡೆ ನಡೆದರು. ತಮ್ಮನಿಗೆ ದಾರಿ ಕಾಣುತ್ತಿರಲಿಲ್ಲ, ಅಕ್ಕನಿಗೆ ಕಾಣುತ್ತಿತ್ತು. ಅವಳು ಅವನ ಕೈ ಹಿಡಿದು, ಇಲ್ಲಿ ಮೆಟ್ಟಿಲು, ಇಲ್ಲಿ ಕಲ್ಲು ಎಂದು ಹೇಳುತ್ತಾ ಕರೆದುಕೊಂಡು ಹೋದಳು. ಅವನು ಒಂದಕ್ಕೂ ತಕರಾರು ಮಾಡಲಿಲ್ಲ.